ಮಂಜಿನೂರಿನ ಒಣ ಸಲಾಮಿ

ಜುಲೈ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದಿಳಿಯುವ ನಮ್ಮ ಕಡೆಯವರು ಮೊದಲು ಹುಡುಕುವುದು ಸ್ವೆಟರನ್ನು. ಕ್ಯಾಲಿಫೋರ್ನಿಯಾ ಎಂದರೆ ಬಿಸಿಲು ಎಂದುಕೊಂಡು ಪೆಟ್ಟಿಗೆ ತುಂಬ ತೆಳು ಹತ್ತಿಬಟ್ಟೆ ತಂದಿರುತ್ತಾರೆ. ಇಲ್ಲಿ ನೋಡಿದರೆ ಪೆಸಿಫಿಕ್ ಸಾಗರದ ಕಡೆಯಿಂದ ಮಂಜು ಎದ್ದು ಬಂದು ಗೋಲ್ಡನ್ ಗೇಟ್ ಸೇತುವೆಯ ಕಂಬಗಳೇ ಕಾಣುವುದಿಲ್ಲ. ನಡುಬೇಸಿಗೆಯಲ್ಲೂ ಹಗಲಿನ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಪ್ರವಾಸಿಗಳನ್ನು ನಡುಗಿಸುವ ಈ ಹವೆ ಇಟಲಿಯಿಂದ ವಲಸೆ ಬಂದವರ ಕೈಹಿಡಿಯಿತು. ಹಂದಿಮಾಂಸವನ್ನು ಕೊಚ್ಚಿ, ಉಪ್ಪು ಮತ್ತು ಕಾಳುಮೆಣಸು ಬೆರೆಸಿ, ಕರುಳಿನೊಳಗೆ ತುಂಬಿ, ಒಲೆಯ ಮೇಲೆ ಇಡದೆಯೇ ವಾರಗಟ್ಟಲೆ ತೂಗುಹಾಕಿ ಒಣಗಿಸುವ ಸಲಾಮಿಗೆ ಬೇಕಾದದ್ದು ಇಂಥದೇ ಹವೆ. ಸೆಕೆ ಇರಬಾರದು, ಹೆಪ್ಪುಗಟ್ಟುವ ಚಳಿಯೂ ಇರಬಾರದು, ಗಾಳಿಯಲ್ಲಿ ಸದಾ ಒಂದಿಷ್ಟು ತೇವ ಇರಬೇಕು.

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಲಿಗೂರಿಯಾ, ಟಸ್ಕನಿಯ ಲುಕ್ಕಾ ಮೊದಲಾದ ಕಡೆಗಳಿಂದ ಬಂದವರು ನೆಲೆಸಿದ ಕೇರಿ ನಾರ್ತ್ ಬೀಚ್. ಬಂದವರಲ್ಲಿ ಮೀನುಗಾರರಿದ್ದರು, ತರಕಾರಿ ಬೆಳೆಯುವವರಿದ್ದರು, ಬ್ರೆಡ್ ಸುಡುವವರಿದ್ದರು. ಇಂಥವರಿಗೆ ಸಾಲ ಕೊಡಲೆಂದೇ ಎ.ಪಿ. ಜನ್ನೀನಿ 1904ರಲ್ಲಿ ಇಲ್ಲಿ ಬ್ಯಾಂಕ್ ಆಫ್ ಇಟಲಿ ತೆರೆದರು. ಮುಂದೆ ಬ್ಯಾಂಕ್ ಆಫ್ ಅಮೆರಿಕ ಆದದ್ದು ಅದೇ. ಅದಕ್ಕೂ ಮೊದಲೇ, 1896ರಲ್ಲಿ, ಪಿ.ಜಿ. ಮೊಲಿನಾರಿ ಇಲ್ಲಿ ಸಲಾಮಿ ವ್ಯಾಪಾರ ಶುರುಮಾಡಿದ್ದರು. 1917ರಲ್ಲಿ ಕೊಲಂಬಸ್ ಎಂಬ ಇನ್ನೊಂದು ಕಂಪನಿ ಹುಟ್ಟಿತು. ಹೀಗೆ ಸ್ಯಾನ್ ಫ್ರಾನ್ಸಿಸ್ಕೊದ ಹುಳಿಬ್ರೆಡ್ಡಿನ ಜೊತೆಗೆ ಅದರ ಒಣ ಸಲಾಮಿಯೂ ಅಮೆರಿಕದಲ್ಲಿ ಹೆಸರು ಮಾಡಿತು. ಇಂದು ಕಾರ್ಖಾನೆಗಳಲ್ಲಿ ಒಣಗಿಸುವ ಕೋಣೆಯ ಶಾಖ ಮತ್ತು ತೇವವನ್ನು ಯಂತ್ರಗಳು ನೋಡಿಕೊಳ್ಳುತ್ತವೆ. ಆದರೂ ಆ ಕೋಣೆಗಳಲ್ಲಿ ಸೃಷ್ಟಿಸುವ ಹವೆ ಹೆಚ್ಚುಕಡಿಮೆ ಈ ಊರಿನ ಹೊರಗಿನ ಹವೆಯೇ.

ನಾನು ಸಲಾಮಿಯ ಬೆನ್ನು ಹತ್ತಿದ್ದು ಒಬ್ಬ ಹಿರಿಯರಿಗಾಗಿ. ನಾವು ಇಲ್ಲಿಗೆ ಬಂದ ಹೊಸದರಲ್ಲಿ ಪಕ್ಕದ ಮನೆಯಲ್ಲಿದ್ದವರು. ನನ್ನ ಮಗಳು ಹುಟ್ಟಿದಾಗ ಊರಿನಿಂದ ಅಮ್ಮನಿಗೆ ಬರಲಾಗಲಿಲ್ಲ. ಆ ದಿನಗಳಲ್ಲಿ ಬಾಗಿಲು ತಟ್ಟಿ ಸಾರಿನ ಪಾತ್ರೆ ಕೊಟ್ಟು, ಒಳಗೂ ಬಾರದೆ ಹೋಗುತ್ತಿದ್ದರು. ನಾರ್ತ್ ಬೀಚಿನಲ್ಲೇ ಹುಟ್ಟಿ ಬೆಳೆದವರು. ಹೆಂಡತಿ ತೀರಿಕೊಂಡ ಮೇಲೆ ಅರಿಜೋನಾದ ಫೀನಿಕ್ಸ್‌ನಲ್ಲಿರುವ ಮಗಳ ಮನೆ ಸೇರಿದರು. ಫೋನಿನಲ್ಲಿ ಅವರು ಏನನ್ನೂ ಬೇಡಿದವರಲ್ಲ. ಒಮ್ಮೆ ಮಾತ್ರ, ಇಲ್ಲಿಯ ಸಲಾಮಿ ಬಾಯಿಗೆ ಹತ್ತುತ್ತಿಲ್ಲಮ್ಮ ಎಂದರು. ಅಷ್ಟು ಸಾಕಿತ್ತು.

ನನ್ನ ತವರು ಕೊಡಗು. ಹಂದಿಮಾಂಸದ ಒಳ್ಳೆಯದು ಕೆಟ್ಟದ್ದು ನನಗೆ ಹೊಸದಲ್ಲ. ಕೊಬ್ಬು ಯಾವ ಜಾಗದ್ದು, ತುಂಡು ಎಷ್ಟು ದಪ್ಪ ಇರಬೇಕು, ನಮ್ಮ ಕಡೆಯ ಹುಳಿಯಾದ ಕಾಚಂಪುಳಿ ಯಾವಾಗ ಹಾಕಬೇಕು ಎನ್ನುವುದು ಅಡುಗೆಮನೆಯಲ್ಲೇ ಕಲಿತ ವಿದ್ಯೆ. ಆದರೆ ಬೇಯಿಸದ ಮಾಂಸವನ್ನು ಹಾಗೆಯೇ ತಿನ್ನುವ, ಅದರ ಮೇಲೆ ಬಿಳಿ ಬೂಷ್ಟು ಬೆಳೆದಷ್ಟೂ ಮೆಚ್ಚುವ ಈ ಪದಾರ್ಥವನ್ನು ಅರಿಯಲು ಅದು ಆಗುವ ಬಗೆಯನ್ನೇ ಮೊದಲಿನಿಂದ ತಿಳಿಯಬೇಕಾಯಿತು. ಅದು ತಿಳಿಯದೆ ಅಂಗಡಿಯಲ್ಲಿ ಆರಿಸಲು ಬರುವುದಿಲ್ಲ.

ಮಾಂಸ ಮತ್ತು ಗಟ್ಟಿ ಬೆನ್ನಿನ ಕೊಬ್ಬನ್ನು ಚೆನ್ನಾಗಿ ತಣಿಸಿ ಕೊಚ್ಚುತ್ತಾರೆ. ಉಪ್ಪು, ಮೆಣಸು, ಬೆಳ್ಳುಳ್ಳಿ, ಕೆಲವೊಮ್ಮೆ ವೈನ್, ಚಿಟಿಕೆ ಸಕ್ಕರೆ, ಬಹಳ ಸಣ್ಣ ಪ್ರಮಾಣದಲ್ಲಿ ನೈಟ್ರೈಟ್ ಅಥವಾ ನೈಟ್ರೇಟ್ ಬೆರೆಸಿದ ಉಪ್ಪು ಸೇರುತ್ತವೆ. ಈ ಕೊನೆಯದು ಬಾಟ್ಯುಲಿಸಂ ಎಂಬ ವಿಷಬಾಧೆ ತರುವ ಸೂಕ್ಷ್ಮಾಣುವನ್ನು ತಡೆಯುತ್ತದೆ. ಸಲಾಮಿಯ ಕೆಂಪು ಬಣ್ಣ ನಿಲ್ಲುವುದೂ ಇದರಿಂದಲೇ. ಕರುಳಿನಲ್ಲಿ ತುಂಬಿ ನೂಲು ಬಿಗಿದು ಮೊದಲ ಕೆಲವು ದಿನ ತುಸು ಬೆಚ್ಚಗಿನ ಕೋಣೆಯಲ್ಲಿಡುತ್ತಾರೆ. ರಾತ್ರಿ ರುಬ್ಬಿಟ್ಟ ಇಡ್ಲಿಹಿಟ್ಟು ಬೆಳಿಗ್ಗೆಗೆ ಹುಳಿಯೇರುವ ಹಾಗೆಯೇ, ಲ್ಯಾಕ್ಟಿಕ್ ಆಮ್ಲ ಉಂಟುಮಾಡುವ ಬ್ಯಾಕ್ಟೀರಿಯಾಗಳು ಆ ಚಿಟಿಕೆ ಸಕ್ಕರೆಯನ್ನು ತಿಂದು ಮಾಂಸವನ್ನು ಹುಳಿಯಾಗಿಸುತ್ತವೆ. ಹುಳಿಯೇರಿದ ಮಾಂಸದಲ್ಲಿ ಬಹುಪಾಲು ಕೆಟ್ಟ ಸೂಕ್ಷ್ಮಜೀವಿಗಳು ಬೆಳೆಯಲಾರವು. ಜೊತೆಗೆ, ಹುಳಿಯಾದ ಮಾಂಸ ತನ್ನೊಳಗಿನ ನೀರನ್ನು ಸುಲಭವಾಗಿ ಬಿಟ್ಟುಕೊಡುತ್ತದೆ.

ಆಮೇಲೆ ಶುರುವಾಗುವುದು ಒಣಗಿಸುವ ಕೆಲಸ. 12ರಿಂದ 15 ಡಿಗ್ರಿ ಶಾಖ, ಶೇ 70ರಿಂದ 80ರಷ್ಟು ತೇವ. ಕಿರುಬೆರಳಿನಷ್ಟು ಸಪೂರದವು ಬೇಗ ಒಣಗುತ್ತವೆ. ಮುಂಗೈ ದಪ್ಪದವಕ್ಕೆ ಎರಡು ಮೂರು ತಿಂಗಳೂ ಹಿಡಿಯುತ್ತದೆ. ಅವಸರ ಮಾಡಿ ಗಾಳಿ ಜಾಸ್ತಿ ಬಿಟ್ಟರೆ ಹೊರಗಿನ ಪದರ ಚರ್ಮದ ಹಾಗೆ ಗಟ್ಟಿಯಾಗಿ, ಒಳಗಿನ ನೀರು ಹೊರಗೆ ಬರಲು ದಾರಿಯಿಲ್ಲದೆ ನಡುಭಾಗ ಮೆತ್ತಗೆ ಉಳಿದು ಕೆಡುತ್ತದೆ. ಅದಕ್ಕೇ ತೇವ ಬೇಕು. ಒಣಗಿಸುವ ಕೋಣೆಯಲ್ಲಿ ತೇವ ಬೇಕು ಎನ್ನುವುದು ಕೇಳಲು ವಿಚಿತ್ರ, ಆದರೆ ಇಡೀ ಕಸುಬು ನಿಂತಿರುವುದು ಇದರ ಮೇಲೆ. ಒಳಗಿನ ನೀರು ಎಷ್ಟು ನಿಧಾನವಾಗಿ ಹೊರಗೆ ಬರುತ್ತದೋ ಅಷ್ಟೇ ನಿಧಾನವಾಗಿ ಹೊರಮೈ ಒಣಗಬೇಕು. ಈ ಹೊತ್ತಿನಲ್ಲೇ ಕರುಳಿನ ಮೇಲೆ ಪೆನಿಸಿಲಿಯಂ ಜಾತಿಯ ಬಿಳಿ ಬೂಷ್ಟು ಬೆಳೆಯುತ್ತದೆ. ಅದು ಬೇಡದ ಬೂಷ್ಟುಗಳಿಗೆ ಜಾಗ ಬಿಡುವುದಿಲ್ಲ, ಬೆಳಕು ಮತ್ತು ಗಾಳಿಯಿಂದ ಕೊಬ್ಬನ್ನು ಕಾಯುತ್ತದೆ, ಒಣಗುವ ವೇಗಕ್ಕೂ ಕಡಿವಾಣ ಹಾಕುತ್ತದೆ. ಕೊನೆಗೆ ಒಂದು ಕಿಲೋ ಹಸಿ ಸಲಾಮಿ ಸುಮಾರು 650 ಗ್ರಾಮಿಗೆ ಇಳಿಯುತ್ತದೆ. ಒಣ ಸಲಾಮಿಯ ಬೆಲೆ ಕೇಳಿ ಹುಬ್ಬೇರಿಸುವವರು ಆವಿಯಾಗಿ ಹೋದ ಆ ಮೂರನೇ ಒಂದು ಪಾಲಿನ ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಷ್ಟು ತಿಳಿದ ಮೇಲೆ ಸೂಪರ್ ಮಾರ್ಕೆಟ್ಟಿನ ಕಪಾಟು ಬೇರೆಯೇ ಆಗಿ ಕಾಣುತ್ತದೆ. ಅಲ್ಲಿರುವುದರಲ್ಲಿ ಬಹುಪಾಲು ತೆಳುವಾಗಿ ಕತ್ತರಿಸಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಟ್ಟ ಬಿಲ್ಲೆಗಳು. ದಿನಬಳಕೆಗೆ ಅವು ಸರಿ. ಉಡುಗೊರೆಗೆ ಸಲ್ಲವು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಕತ್ತರಿಸಿದ ಗಳಿಗೆಯಿಂದ ಸಲಾಮಿಯ ಪರಿಮಳ ಇಳಿಯತೊಡಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಬಿಲ್ಲೆಯನ್ನು ಒತ್ತಿ ನೋಡಲಾಗದು, ಮೂಸಿ ನೋಡಲಾಗದು, ಅದರ ಹೊರಮೈ ಹೇಗಿತ್ತು ಎಂದು ತಿಳಿಯಲಾಗದು. ಹಬ್ಬದ ಸೀಸನ್ನಿನಲ್ಲಿ ಬರುವ ಉಡುಗೊರೆ ಬುಟ್ಟಿಗಳ ಕತೆ ಇನ್ನೂ ಬೇಸರದ್ದು. ಬಿಸ್ಕತ್ತು, ಸಾಸಿವೆ, ಮೇಣದಂಥ ಚೀಸಿನ ನಡುವೆ ಮೆತ್ತನೆಯ ಸಲಾಮಿ ಕೋಲೊಂದನ್ನು ಹುಲ್ಲಿನ ಮೇಲೆ ಮಲಗಿಸಿರುತ್ತಾರೆ. ಅಂಥ ಬುಟ್ಟಿ ನಮ್ಮ ಮನೆಗೂ ಬಂದಿದೆ. ಕಳಿಸಿದವರ ಪ್ರೀತಿ ದೊಡ್ಡದು. ತುಂಬಿದವರು ಮಾತ್ರ ಅದರಲ್ಲಿ ಒಂದನ್ನೂ ತಿಂದು ನೋಡಿರಲಿಕ್ಕಿಲ್ಲ.

ಕೊಲಂಬಸ್ ಅವೆನ್ಯೂ ಮತ್ತು ವಲ್ಲೇಹೊ ರಸ್ತೆ ಕೂಡುವ ಮೂಲೆಯಲ್ಲಿ ಮೊಲಿನಾರಿ ಹೆಸರಿನ ಹಳೆಯ ಅಂಗಡಿ ಇದೆ. ಒಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಬೆಳ್ಳುಳ್ಳಿ, ಹಳೆಯ ಚೀಸ್, ಒಣ ಮಾಂಸದ ವಾಸನೆ. ಮೇಲಿನಿಂದ ಸಲಾಮಿಗಳು ಇಳಿಬಿದ್ದಿರುತ್ತವೆ. ನಂಬರಿನ ಚೀಟಿ ಹರಿದುಕೊಂಡು ಸರದಿಗೆ ಕಾಯಬೇಕು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಜನ ಡಬ್ಬಿಯಿಂದ ತಮಗೆ ಬೇಕಾದ ಬ್ರೆಡ್ಡನ್ನು ತಾವೇ ಆರಿಸಿ ಕೌಂಟರಿನವರ ಕೈಗೆ ಕೊಡುತ್ತಾರೆ. ಆ ಗಲಾಟೆಯಲ್ಲಿ ಸಲಾಮಿಯ ಬಗ್ಗೆ ಮಾತಾಡಲು ಬಿಡುವಿರುವುದಿಲ್ಲ. ಜನಸಂದಣಿ ಇಲ್ಲದ ಹೊತ್ತಿಗೆ ಹೋಗಿ, ಯಾರಿಗೆ, ಯಾವ ಊರಿಗೆ ಕಳಿಸುತ್ತಿದ್ದೇನೆ ಎಂದು ಹೇಳಿದರೆ ಚೆನ್ನ. ನಾನು ಹಾಗೆ ಹೇಳಿದಾಗ ಕೌಂಟರಿನವರು ಒಂದು ಕೋಲನ್ನು ಇಳಿಸಿ ಒತ್ತಿ ನೋಡಿ ಮತ್ತೆ ತೂಗುಹಾಕಿ, ಪಕ್ಕದ್ದನ್ನು ಇಳಿಸಿದರು. ಮೊದಲನೆಯದು ಈ ವಾರ ತಿನ್ನುವವರಿಗೆ ಸರಿ, ದೂರ ಹೋಗಬೇಕಾದದ್ದು ಇನ್ನೂ ಗಟ್ಟಿ ಇರಬೇಕು ಎಂದರು. ಯಾವ ಪೊಟ್ಟಣದ ಮೇಲೂ ಬರೆದಿರದ ಮಾತು ಇದು.

ಒತ್ತಿ ನೋಡುವುದಕ್ಕೂ ಒಂದು ಕ್ರಮವಿದೆ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ತುದಿಯಿಂದ ತುದಿಗೆ ಒತ್ತುತ್ತ ಬಂದರೆ ಉದ್ದಕ್ಕೂ ಒಂದೇ ಹದ ಸಿಗಬೇಕು. ಹೊರಗೆ ಗಟ್ಟಿ, ನಡುವೆ ಜಗ್ಗುತ್ತಿದ್ದರೆ ಅದು ಅವಸರದಲ್ಲಿ ಒಣಗಿದ್ದು. ಬಿಳಿ ಅಥವಾ ತುಸು ಬೂದು ಬಣ್ಣದ, ಹಿಟ್ಟು ಸವರಿದಂತಿರುವ ಬೂಷ್ಟು ಒಳ್ಳೆಯ ಲಕ್ಷಣ. ಕಪ್ಪು ಕಲೆ, ಎಳೆ ಎದ್ದ ಹಸಿರು ಬೂಷ್ಟು ಕಂಡರೆ ಕೈ ಹಿಂದೆಗೆಯಿರಿ. ಮೂಸಿದರೆ ಅಣಬೆಯ ವಾಸನೆ, ಹಿಂದೆಯೇ ಸಣ್ಣ ಹುಳಿ ಬರಬೇಕು. ಮೂಗಿಗೆ ಹೊಡೆಯುವ ಅಮೋನಿಯಾ ಘಾಟು ಬರಬಾರದು. ಕತ್ತರಿಸಿ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಕೆಂಪಿನ ನಡುವೆ ಕೊಬ್ಬಿನ ಬಿಳಿ ಚೂರುಗಳು ಅಂಚು ಸ್ಪಷ್ಟವಾಗಿ ಬಿಡಿಬಿಡಿಯಾಗಿ ಕಾಣಬೇಕು. ಕೆಂಪು ಬಿಳಿ ಕಲಸಿಹೋಗಿದ್ದರೆ ಕೊಚ್ಚುವಾಗ ಮಾಂಸ ತಣ್ಣಗಿರಲಿಲ್ಲ, ಇಲ್ಲವೇ ಯಂತ್ರದ ಅಲಗು ಮೊಂಡಾಗಿತ್ತು ಎಂದರ್ಥ. ಕರಗಿದ ಕೊಬ್ಬು ಮಾಂಸದ ಸುತ್ತ ಮೆತ್ತಿಕೊಂಡರೆ ನೀರು ಹೊರಬರಲಾರದು, ನಾಲಿಗೆಗೂ ಜಿಡ್ಡು ಜಿಡ್ಡು.

ಹಳೆಯ ಹೆಸರುಗಳಿಗೆ ಮಾತ್ರ ಅಂಟಿಕೊಳ್ಳಬೇಕಿಲ್ಲ. ಕೊಲಂಬಸ್ ಕಂಪನಿಯನ್ನು 2017ರಲ್ಲಿ ಹಾರ್ಮೆಲ್ ಎಂಬ ದೊಡ್ಡ ಆಹಾರ ಕಂಪನಿ 85 ಕೋಟಿ ಡಾಲರ್ ಕೊಟ್ಟು ಕೊಂಡಿತು. ಈಗ ಅದು ದೇಶದ ಉದ್ದಗಲಕ್ಕೂ ಸಿಗುವ ಸರಕು. ಫೀನಿಕ್ಸ್‌ನಲ್ಲೇ ಸಿಗುವುದನ್ನು ಫೀನಿಕ್ಸ್‌ಗೆ ಕಳಿಸುವುದರಲ್ಲಿ ಅರ್ಥವಿಲ್ಲ. ಇನ್ನೊಂದು ಕಡೆ, ಷೆ ಪನೀಸ್ ಹೋಟೆಲಿನಲ್ಲಿ ಬಾಣಸಿಗರಾಗಿದ್ದ ಪಾಲ್ ಬರ್ಟೋಲಿ 2006ರಲ್ಲಿ ಬರ್ಕ್ಲಿಯಲ್ಲಿ ಫ್ರಾ ಮಾನಿ ಎಂಬ ಹೆಸರಿನಲ್ಲಿ ಹಳೆಯ ವಿಧಾನದ ಸಲಾಮಿ ತಯಾರಿಸಲು ತೊಡಗಿದರು. ಉತ್ತರದ ಸಿಯಾಟಲ್‌ನಲ್ಲಿ ಬೋಯಿಂಗ್ ಕಂಪನಿಯಲ್ಲಿ ದುಡಿದು ನಿವೃತ್ತರಾದ ಎಂಜಿನಿಯರ್ ಅರ್ಮಾಂಡಿನೊ ಬಟಾಲಿ 1999ರಲ್ಲಿ ಸಣ್ಣದೊಂದು ಸಲಾಮಿ ಅಂಗಡಿ ತೆರೆದರು. ವಿಮಾನ ಕಟ್ಟುವಲ್ಲಿ ಇರಬೇಕಾದ ಅಳತೆಯ ಶಿಸ್ತು ಈ ಕಸುಬಿಗೂ ಬೇಕು ಎಂದು ನನಗೆ ಅನಿಸುವುದು ಅವರ ಬದುಕನ್ನು ನೆನೆದಾಗ. ಉಪ್ಪಿನ ತೂಕ, ಕೋಣೆಯ ತೇವ, ಹುಳಿಯ ಮಟ್ಟ, ಯಾವುದರಲ್ಲೂ ಕಣ್ಣಳತೆ ನಡೆಯದು.

ಈ ಶಿಸ್ತು ಏಕೆ ಬೇಕೆಂದು ತೋರಿಸಿದ್ದು 1994ರ ಕೊನೆಯ ಪ್ರಕರಣ. ವಾಷಿಂಗ್ಟನ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳಲ್ಲಿ ಒಣ ಸಲಾಮಿ ತಿಂದ ಹಲವರು ಇ. ಕೋಲಿ ಸೋಂಕಿನಿಂದ ಕಾಯಿಲೆ ಬಿದ್ದರು. ಹುಳಿಯೇರಿ ಒಣಗಿದ ಮಾಂಸ ತಾನೇ ಸುರಕ್ಷಿತ ಎಂಬ ನಂಬಿಕೆ ಅಲುಗಿತು. ಆಮೇಲೆ ಅಮೆರಿಕದ ಕೃಷಿ ಇಲಾಖೆ, ತಯಾರಿಕೆಯ ವಿಧಾನದಿಂದ ಈ ಬ್ಯಾಕ್ಟೀರಿಯಾದ ಪ್ರಮಾಣ ಒಂದು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯುತ್ತದೆಂದು ತೋರಿಸುವಂತೆ ತಯಾರಕರನ್ನು ಕೇಳಿತು. ಆದ್ದರಿಂದ, ಗ್ಯಾರೇಜಿನಲ್ಲಿ ಹವ್ಯಾಸಕ್ಕೆ ಒಣಗಿಸಿದ್ದನ್ನು ಎಷ್ಟೇ ರುಚಿಯಿದ್ದರೂ ನಾನು ಉಡುಗೊರೆಯಾಗಿ ಕಳಿಸುವುದಿಲ್ಲ. ತಪಾಸಣೆಯ ಮುದ್ರೆ ಇರಲೇಬೇಕು. ಲೇಬಲ್ಲಿನಲ್ಲಿ ಇನ್ನೊಂದನ್ನು ಗಮನಿಸಿ: ನೈಟ್ರೈಟ್ ಸೇರಿಸಿಲ್ಲ ಎಂದು ದೊಡ್ಡ ಅಕ್ಷರದಲ್ಲಿ ಬರೆದು, ಸಣ್ಣ ಅಕ್ಷರದಲ್ಲಿ ಸೆಲರಿ ಪುಡಿ ಎಂದಿರುತ್ತದೆ. ಸೆಲರಿಯಲ್ಲಿ ನೈಟ್ರೇಟ್ ತಾನಾಗಿಯೇ ಇರುತ್ತದೆ, ಮಾಂಸದೊಳಗೆ ಅದು ಮಾಡುವುದೂ ಅದೇ ಕೆಲಸ. ಅದಕ್ಕಾಗಿ ಹೆಚ್ಚು ದುಡ್ಡು ಕೊಡುವ ಅಗತ್ಯ ನನಗೆ ಕಾಣುವುದಿಲ್ಲ.

ಸಲಾಮಿಯ ಕಡಿತದಲ್ಲಿ ಇಡೀ ಕಾಳುಮೆಣಸು ಹಲ್ಲಿಗೆ ಸಿಕ್ಕಿದಾಗ ಕೊಡಗಿನವಳಾದ ನನಗೆ ಮನೆಯ ಹಿಂದಿನ ಬಳ್ಳಿ ನೆನಪಾಗದೆ ಇರುವುದಿಲ್ಲ. ಇದು ಬರೀ ಹಂಬಲವಲ್ಲ. ಇಟಲಿಯ ವೆನಿಸ್ಸಿನ ವರ್ತಕರನ್ನು ಸಿರಿವಂತರನ್ನಾಗಿಸಿದ್ದು ನಮ್ಮ ಪಶ್ಚಿಮ ಕರಾವಳಿಯ ಮೆಣಸು. ಆ ವ್ಯಾಪಾರವನ್ನು ಕೈವಶ ಮಾಡಿಕೊಳ್ಳಲು ಬಂದ ಪೋರ್ಚುಗೀಸರು ಹದಿನಾರನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಕಾಳುಮೆಣಸಿನ ರಾಣಿ ಎಂದೇ ಕರೆದರು. ಇಂದು ಮೆಣಸು ಬೆಳೆಯುವುದರಲ್ಲಿ ವಿಯೆಟ್ನಾಂ ಜಗತ್ತಿಗೇ ಮುಂದಿದೆ; ನನ್ನ ಕೈಯಲ್ಲಿರುವ ಸಲಾಮಿಯ ಮೆಣಸು ಅಲ್ಲಿಯದೇ ಇರಬಹುದು. ಆದರೆ ಹಂದಿಮಾಂಸಕ್ಕೆ ಮೆಣಸನ್ನೇ ಮೊದಲ ಮಸಾಲೆಯಾಗಿ ಬಳಸುವ ಕೊಡಗಿನ ಅಡುಗೆಗೂ ಇಟಲಿಯ ಸಲಾಮಿಗೂ ನಡುವೆ ನಾಲಿಗೆಗೆ ಗೊತ್ತಾಗುವ ಸಂಬಂಧವೊಂದಿದೆ.

ಇಟಲಿಗೇ ಹೋಗಿಬರುವ ಗೆಳತಿಯ ಕೈಲಿ ಅಸಲಿ ಸಲಾಮಿ ತರಿಸಬಹುದಲ್ಲ ಎಂದು ಕೇಳಿದವರಿದ್ದಾರೆ. ತರಿಸಲಾಗದು. ಪ್ರಯಾಣಿಕರು ತರುವ ಹಂದಿಮಾಂಸದ ಪದಾರ್ಥಗಳನ್ನು ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ, ಬಚ್ಚಿಟ್ಟರೆ ದಂಡವನ್ನೂ ಹಾಕುತ್ತಾರೆ. ಹಂದಿಗಳಿಗೆ ತಗಲುವ ಒಂದು ವೈರಸ್ ಕಾಯಿಲೆಯ ಭಯದಿಂದ ಇಟಲಿಯ ಸಲಾಮಿಯ ಆಮದಿಗೆ ಅಮೆರಿಕ ದೀರ್ಘಕಾಲ ತಡೆ ಹಾಕಿತ್ತು. 2013ರಲ್ಲಷ್ಟೇ ಲೊಂಬಾರ್ದಿಯಾ, ಎಮಿಲಿಯಾ ರೊಮಾನ್ಯಾ ಮೊದಲಾದ ಉತ್ತರದ ಕೆಲವು ಪ್ರಾಂತ್ಯಗಳಿಗೆ ಸಡಿಲಿಸಿತು. 2022ರ ಜನವರಿಯಲ್ಲಿ ಇಟಲಿಯ ಪಿಯೆಮೊಂತೆಯ ಕಾಡುಹಂದಿಗಳಲ್ಲಿ ಆಫ್ರಿಕನ್ ಹಂದಿಜ್ವರ ಎಂಬ ಇನ್ನೊಂದು ವೈರಸ್ ಕಾಯಿಲೆ ಕಾಣಿಸಿಕೊಂಡಿತು. ಬೇಯಿಸದ ಸಲಾಮಿಯಲ್ಲಿ ಈ ವೈರಸ್ ಬಹುಕಾಲ ಬದುಕಿರಬಲ್ಲದು. ಮನುಷ್ಯನಿಗೆ ಅಪಾಯವಿಲ್ಲ, ಆದರೆ ಎಸೆದ ಒಂದು ತುಂಡನ್ನು ಹಂದಿ ತಿಂದರೆ ಒಂದು ನಾಡಿನ ಹಂದಿ ಸಾಕಣೆಯೇ ನೆಲಕಚ್ಚಬಹುದು. 2020ರಲ್ಲಿ ಅಸ್ಸಾಮಿನ ಹಂದಿ ಸಾಕುವವರು ಅನುಭವಿಸಿದ್ದು ಇದೇ ಜ್ವರದ ನೋವನ್ನು. ನಿಯಮ ಕಟ್ಟುನಿಟ್ಟಾಗಿರುವುದೇ ಸರಿ.

ಅದೇ ಕಾರಣಕ್ಕೆ ಇಲ್ಲಿಂದ ಮಡಿಕೇರಿಗೂ ಸಲಾಮಿ ಕಳಿಸಬೇಡಿ. ಪ್ರಾಣಿಜನ್ಯ ಪದಾರ್ಥಗಳನ್ನು ಭಾರತಕ್ಕೆ ತರಿಸಲು ಪಶುಸಂಗೋಪನಾ ಇಲಾಖೆಯ ಪರವಾನಗಿ ಬೇಕು. ಊರಿನಲ್ಲೇ ಇರುವವರು ಇಂಥ ಉಡುಗೊರೆಗೆ ಗೋವಾದ ಕಡೆ ನೋಡಬಹುದು. ಕಾರವಾರದವರಿಗೆ ಇದು ಹೇಳಿಕೊಡಬೇಕಾದ ವಿಷಯವಲ್ಲ. ಹಂದಿಮಾಂಸದ ತುಂಡಿಗೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ತೆಂಗಿನ ಕಳ್ಳಿನ ವಿನೆಗರ್ ಬೆರೆಸಿ ಕರುಳಿಗೆ ತುಂಬಿ, ಮಣಿಸರದ ಹಾಗೆ ಕಟ್ಟಿ, ಬಿಸಿಲು ಹೊಗೆ ಕಾಣಿಸಿದ ಚೊರೀಸ್ ಅಲ್ಲಿಯ ಸಂತೆಗಳಲ್ಲಿ ತೂಗಾಡುತ್ತಿರುತ್ತದೆ. ಸೆಕೆ ಮತ್ತು ಮಳೆಯ ಆ ಕರಾವಳಿಯಲ್ಲಿ ಸಲಾಮಿಯ ನಿಧಾನದ ಒಣಗು ನಡೆಯದು. ಆ ಕೆಲಸವನ್ನು ವಿನೆಗರ್, ಖಾರ, ಹೊಗೆ ಹಂಚಿಕೊಂಡಿವೆ. ನಮ್ಮ ಕಡೆ ಮಳೆಗಾಲಕ್ಕೆಂದು ಮಾಂಸವನ್ನು ಒಲೆಯ ಮೇಲೆ ತೂಗಿ ಹೊಗೆಗೆ ಒಡ್ಡುವುದೂ ಇಂಥದೇ ಉಪಾಯ. ಆದರೆ ಚೊರೀಸನ್ನು ಬೇಯಿಸಿಯೇ ತಿನ್ನಬೇಕು ಎಂದು ಉಡುಗೊರೆಯ ಜೊತೆ ತಿಳಿಸುವುದನ್ನು ಮರೆಯಬಾರದು.

ಯಾರಿಗೆ ಕಳಿಸಬಾರದು ಎನ್ನುವುದೂ ಉಡುಗೊರೆಯ ಭಾಗವೇ. ಮುಸ್ಲಿಂ, ಯಹೂದಿ ಸ್ನೇಹಿತರಿಗೆ, ಸಸ್ಯಾಹಾರಿಗಳಿಗೆ ಬೇಡ ಎಂಬುದು ಎಲ್ಲರಿಗೂ ಗೊತ್ತು. ಗರ್ಭಿಣಿಯರಿರುವ ಮನೆಗೂ ಬೇಡ, ಇದು ಬೇಯಿಸದ ಮಾಂಸ. ರಕ್ತದೊತ್ತಡ ಇರುವವರಿಗೆ ಇದರ ಉಪ್ಪು ಹೆಚ್ಚು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದ್ದನ್ನೂ ಬಲ್ಲೆ. ದಿನವೂ ತಿನ್ನುವ ಪದಾರ್ಥ ಇದಲ್ಲ. ವರ್ಷಕ್ಕೊಮ್ಮೆ, ಕಾಗದದಷ್ಟು ತೆಳುವಾಗಿ ಹೆಚ್ಚಿಕೊಂಡು ತಿನ್ನುವಂಥದ್ದು. ನಮ್ಮ ಹಿರಿಯರ ವಿಷಯದಲ್ಲಿ ಅವರ ಮಗಳನ್ನು ಕೇಳಿಯೇ ಮುಂದುವರಿದೆ.

ಮುಂದಿನ ತೊಡಕು ಫೀನಿಕ್ಸ್‌ನ ಬಿಸಿಲು. ಬೇಸಿಗೆಯಲ್ಲಿ ಅಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಚೆನ್ನಾಗಿ ಒಣಗಿದ ಇಡೀ ಸಲಾಮಿ ಫ್ರಿಜ್ ಇಲ್ಲದೆ ಪ್ರಯಾಣ ಮಾಡುತ್ತದೆ, ಆದರೆ ಸುಡುವ ವ್ಯಾನಿನೊಳಗೆ ಕೊಬ್ಬು ಕರಗಿ ಬೆವರುತ್ತದೆ. ಹಾಗಾಗಿ ನವೆಂಬರ್ ತನಕ ಕಾದೆ. ಕೊರಿಯರಿಗೆ ಕೊಟ್ಟದ್ದು ಸೋಮವಾರ; ವಾರದ ಕೊನೆಗೆ ಕೊಟ್ಟರೆ ಪೆಟ್ಟಿಗೆ ಎರಡು ದಿನ ಗೋದಾಮಿನಲ್ಲಿ ಕೂರುತ್ತದೆ. ಪ್ಲಾಸ್ಟಿಕ್ ಸುತ್ತಲಿಲ್ಲ, ಅದರೊಳಗೆ ಸಲಾಮಿಗೆ ಉಸಿರಾಡಲು ಆಗದೆ ಮೈಯೆಲ್ಲ ಅಂಟಾಗುತ್ತದೆ. ಅಂಗಡಿಯವರು ಕೊಟ್ಟ ಕಾಗದದ ಮೇಲೆ ಇನ್ನೊಂದು ಸುತ್ತು ಕಾಗದ ಅಷ್ಟೇ. ಒಂದು ದಪ್ಪ ಚೂರಿನ ಟೊಸ್ಕಾನೊ, ಒಂದು ಸೋಂಪು ಹಾಕಿದ ಫಿನೊಕ್ಕಿಯೋನ. ಜೊತೆಗೆ ಸೊನೋಮಾದ ಡ್ರೈ ಜ್ಯಾಕ್ ಚೀಸಿನ ಒಂದು ಹೋಳು. ಮೊದಲ ಮಹಾಯುದ್ಧದ ಕಾಲದಲ್ಲಿ ಇಟಲಿಯ ಚೀಸ್ ಬರುವುದು ನಿಂತಾಗ, ಇಲ್ಲಿಯ ವ್ಯಾಪಾರಿಯೊಬ್ಬರ ಉಗ್ರಾಣದಲ್ಲಿ ಉಳಿದು ಗಟ್ಟಿಯಾಗಿದ್ದ ಜ್ಯಾಕ್ ಚೀಸಿಗೆ ಬೇಡಿಕೆ ಬಂತಂತೆ. ಕೋಕೋ ಮತ್ತು ಕಾಳುಮೆಣಸಿನ ಪುಡಿ ಎಣ್ಣೆಯಲ್ಲಿ ಕಲಸಿ ಅದರ ಹೊರಮೈಗೆ ಬಳಿಯುತ್ತಾರೆ. ಸಲಾಮಿಯ ಪಕ್ಕದಲ್ಲಿ ಕೂರಲು ಅದಕ್ಕೆ ಹಕ್ಕಿದೆ.

ಪೆಟ್ಟಿಗೆಯೊಳಗೆ ಅವರ ಮಗಳಿಗೆಂದು ಒಂದು ಚೀಟಿ ಇಟ್ಟಿದ್ದೆ. ಬಿಳಿ ಬೂಷ್ಟು ಕಂಡು ಎಸೆಯಬೇಡಿ. ತಂಪಾದ, ಬಿಸಿಲು ಬೀಳದ ಕಡೆ ತೂಗುಹಾಕಿ. ಕತ್ತರಿಸಿದ ಮೇಲೆ ಕಾಗದದಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ. ತಿನ್ನುವ ಅರ್ಧ ಗಂಟೆ ಮೊದಲು ಹೊರಗೆ ತೆಗೆಯಿರಿ, ಸಿಪ್ಪೆ ಬಿಡಿಸಿ ತೆಳುವಾಗಿ ಹೆಚ್ಚಿ. ಗುರುವಾರ ರಾತ್ರಿ ಹಿರಿಯರು ಫೋನ್ ಮಾಡಿದರು. ಟೊಸ್ಕಾನೊ ಅರ್ಧ ಮುಗಿದಿತ್ತು, ಮೊಮ್ಮಕ್ಕಳು ಸೋಂಪಿನದನ್ನು ಹಿಡಿದುಕೊಂಡಿದ್ದರು. ಮುಂದಿನ ವರ್ಷ ಸೋಂಪಿನದು ಎರಡು ಇರಲಿ, ಚೀಸ್ ಬೇಡ, ಸಲಾಮಿ ಚೀಸು ಎರಡರಲ್ಲಿ ಒಂದಕ್ಕೆ ಮಾತ್ರ ಡಾಕ್ಟರು ಒಪ್ಪಿದ್ದಾರೆ ಎಂದರು. ಮತ್ತೆ, ಅಂಗಡಿಯಲ್ಲಿ ಈಗಲೂ ನಂಬರಿನ ಚೀಟಿ ಹರಿಯಬೇಕೇ ಎಂದು ಕೇಳಿದರು.